ಚಕ್ರದಡಿಯ ಕಲ್ಲು ಮತ್ತು ಹ್ಯಾಂಡ್ ಬ್ರೇಕು



ಕಳೆದ ಸಾಲಿನ ಸರ್ವಸದಸ್ಯರ ಸಭೆ ಮುಗಿದು ಎಲ್ಲರೂ ಊಟ ಮಾಡಿ ಹೊರಟ ಮೇಲೆ, ನಮ್ಮ ಸಂಘದ ಗೋದಾಮಿನ ಮುಂದಿನ ಏರಿನಲ್ಲಿ ಒಂದು ನೋಟ ಕಂಡೆ. ವಾಹನಗಳೆಲ್ಲ ಹೋಗಿದ್ದವು, ಕಲ್ಲುಗಳು ಮಾತ್ರ ಉಳಿದಿದ್ದವು. ಸಣ್ಣದು, ದೊಡ್ಡದು, ಅರ್ಧ ಇಟ್ಟಿಗೆ, ಒಂದೆರಡು ಸೌದೆ ತುಂಡು. ನಮ್ಮ ಕಾವಲುಗಾರ ಅವನ್ನು ಒಂದೊಂದಾಗಿ ಎತ್ತಿ ಚರಂಡಿಯ ಬದಿಗೆ ಹಾಕುತ್ತಿದ್ದ. "ಪ್ರತಿ ಸಭೆಗೂ ಇದ್ದದ್ದೇ ಸಾರ್. ಜಮಾಖರ್ಚಿನ ಲೆಕ್ಕ ನಿಮ್ಮದು, ಕಲ್ಲಿನ ಲೆಕ್ಕ ನನ್ನದು" ಎಂದ.

ನಗು ಬಂತು. ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತು ತಲೆಯಲ್ಲೇ ಇತ್ತು. ಘಟ್ಟದ ಊರಿನಲ್ಲಿ ಗಾಡಿಗೆ ಕಲ್ಲು ಕೊಡುವುದು ತಪ್ಪಲ್ಲ. ನಾನೂ ಕೊಡುತ್ತೇನೆ. ಆದರೆ ಹ್ಯಾಂಡ್ ಬ್ರೇಕು ಸರಿಯಿದ್ದೂ ಕಲ್ಲು ಕೊಡುವುದು ಬೇರೆ, ಹ್ಯಾಂಡ್ ಬ್ರೇಕು ಹಿಡಿಯುವುದಿಲ್ಲವೆಂದು ಕಲ್ಲು ಕೊಡುವುದು ಬೇರೆ. ಮೊದಲನೆಯದು ಎಚ್ಚರಿಕೆ. ಎರಡನೆಯದು ಸಾಲ, ಎಂದಾದರೊಂದು ದಿನ ಬಡ್ಡಿ ಸಮೇತ ವಸೂಲಾಗುತ್ತದೆ. ನನ್ನಿಂದ ವಸೂಲಾದ ಬಗೆಯನ್ನು ಇಲ್ಲಿ ಹೇಳಿಕೊಳ್ಳುತ್ತೇನೆ. ಇದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ, ನಾಲ್ಕು ಜನಕ್ಕೆ ಉಪಯೋಗವಾದರೆ ಸಾಕು.

ಕಣದ ಮೇಲಿನ ಏರಿನಲ್ಲಿ

ಸುಮಾರು ಹತ್ತು ವರ್ಷದ ಹಿಂದಿನ ಮಾತು. ಜನವರಿ ತಿಂಗಳು, ರೊಬಸ್ಟ ಕೊಯ್ಲಿನ ಭರಾಟೆ. ಸಂಜೆ ಹಣ್ಣು ತೂಗುವ ಹೊತ್ತು. ತೂಕದ ಜಾಗ ನಮ್ಮಲ್ಲಿ ಕಣದ ಅಂಚಿಗೆ, ಅದರ ಮೇಲೆ ಪಿಕಪ್ಪು ನಿಲ್ಲುವ ಏರು. ಅಂದು ಕರೆಂಟು ಇರಲಿಲ್ಲ. ತಕ್ಕಡಿಯ ಮುಳ್ಳು ಕಾಣಲೆಂದು ಪಿಕಪ್ಪಿನ ಮೂತಿಯನ್ನು ಕಣದ ಕಡೆಗೆ ಮಾಡಿ, ಇಂಜಿನ್ನು ಓಡುತ್ತಿದ್ದಂತೆಯೇ ದೀಪ ಹಾಕಿ ನಿಲ್ಲಿಸಿದೆ. ಇಂಜಿನ್ನು ಓಡುತ್ತಿದ್ದುದರಿಂದ ಗೇರಿನಲ್ಲಿ ಬಿಡುವಂತಿರಲಿಲ್ಲ; ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್ ಬ್ರೇಕು ಎಳೆದು ಇಳಿದೆ. ಹಿಂದೆ ಏಳೆಂಟು ಮೂಟೆ ಹಣ್ಣಿತ್ತು.

ಎಂದಿನಂತೆ ಚಕ್ರಕ್ಕೆ ಕಲ್ಲು ಕೊಡಬೇಕಾದವನು ನಮ್ಮ ಮೇಸ್ತ್ರಿ. ಅಂದು ರೈಟರ್ ರಜೆಯಲ್ಲಿದ್ದ ಕಾರಣ ಅವನು ತಕ್ಕಡಿ ಹಿಡಿದಿದ್ದ. ಕೊನೆಯ ಮೂಟೆ ತೂಗಿ ಹೆಣ್ಣಾಳುಗಳು ಲೈನು ಮನೆಗಳತ್ತ ತಿರುಗಿದ್ದರು. ಗಾಡಿ ಯಾವ ಸದ್ದೂ ಇಲ್ಲದೆ ಹೊರಟಿತು. ದೀಪದ ಬೆಳಕು ಅಲುಗಿದ್ದು ಕಂಡು ನಾನು ತಿರುಗುವಷ್ಟರಲ್ಲಿ ಅದು ನನ್ನನ್ನು ದಾಟಿತ್ತು. ತಕ್ಕಡಿಯ ಮುಕ್ಕಾಲಿಯನ್ನು ಕೆಡವಿ, ಕಣದ ಮೂಲೆಯ ಸಿಲ್ವರ್ ಓಕಿಗೆ ಬಡಿದು ನಿಂತಿತು. ಐದು ನಿಮಿಷದ ಹಿಂದೆ ಅದೇ ಮುಕ್ಕಾಲಿಯ ಮುಂದೆ ಹನ್ನೆರಡು ಜನ ಸಾಲಾಗಿ ನಿಂತಿದ್ದರು. ಇಬ್ಬರ ಸೊಂಟದಲ್ಲಿ ಕೂಸುಗಳಿದ್ದವು.

ಮೇಸ್ತ್ರಿ ಓಡಿ ಬಂದವನು ಮೊದಲು ಆಡಿದ ಮಾತು, "ಕಲ್ಲು ಕೊಡೋದು ನಾನೇ ಮರ್ತೆ ಅಯ್ಯ. ನಂದೇ ತಪ್ಪು." ನನ್ನ ಕೈ ನಡುಗುತ್ತಿತ್ತು. "ನಿಂದಲ್ಲ ಮಾರಾಯ" ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಬಾಯಿ ಬರಲಿಲ್ಲ. ಗಾಡಿ ನನ್ನದು, ಬ್ರೇಕು ನನ್ನದು. ಎರಡು ವರ್ಷದಿಂದ ಹ್ಯಾಂಡ್ ಬ್ರೇಕಿನ ಕೆಲಸವನ್ನು ಅವನ ನೆನಪಿನ ಶಕ್ತಿಗೆ ವಹಿಸಿದ್ದವನು ನಾನು.

ಲಿವರಿನ ಬಿಗಿ ನಂಬಬೇಡಿ

ಮರುದಿನ ಹಿಂದಿನ ಎರಡೂ ಡ್ರಮ್ಮು ಬಿಚ್ಚಿಸಿದೆ. ಎಡಗಡೆ ಆಕ್ಸಲ್ಲಿನ ಎಣ್ಣೆ ಸೀಲು ಸೋರಿ, ಬ್ರೇಕ್ ಷೂಗಳ ಲೈನಿಂಗ್ ಗೇರ್ ಎಣ್ಣೆಯಲ್ಲಿ ನೆಂದು ಕಪ್ಪಗೆ ಹೊಳೆಯುತ್ತಿತ್ತು. ಬಲಗಡೆ ಲೈನಿಂಗ್ ಚೆನ್ನಾಗಿಯೇ ಇತ್ತು. ಆದರೆ ಷೂವನ್ನು ತಳ್ಳುವ ಸಣ್ಣ ಲಿವರು ತನ್ನ ಕೀಲಿನಲ್ಲೇ ತುಕ್ಕು ಹಿಡಿದು ಕೂತಿತ್ತು. ಕೇಬಲ್ಲು ಕೊಳವೆಯೊಳಗೆ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತ್ತು.

ಹಾಗಾದರೆ ನಾನು ಎಳೆದಾಗ ಕೈಗೆ ಬಿಗಿ ಹೇಗೆ ಬಂತು? ಅದು ತುಕ್ಕಿನ ಬಿಗಿ. ನನ್ನ ಕೈಯ ಬಲ ಚಕ್ರದವರೆಗೆ ಹೋಗಲೇ ಇಲ್ಲ. ಹಿಂದಿನ ಎರಡು ಮಳೆಗಾಲದಲ್ಲೂ ಬ್ರೇಕು ಸಡಿಲವೆನ್ನಿಸಿದಾಗ "ಕೇಬಲ್ಲು ಸ್ವಲ್ಪ ಟೈಟ್ ಮಾಡಿ ಕೊಡಿ" ಎಂದು ಪೇಟೆಯಲ್ಲಿ ನಾನೇ ಹೇಳಿ ಮಾಡಿಸಿದ್ದೆ. ಡ್ರಮ್ಮು ಬಿಚ್ಚಿ ನೋಡಿ ಎಂದು ಒಮ್ಮೆಯೂ ಹೇಳಿರಲಿಲ್ಲ.

ಅರೇಬಿಕ ಬೆಳೆಯುವ ನಮಗೆ ಇದು ಹೊಸ ಪಾಠವಲ್ಲ. ಬಿಳಿ ಕಾಂಡಕೊರಕ ಹೊಕ್ಕ ಗಿಡ ಬಹಳ ದಿನ ಹಸಿರಾಗಿಯೇ ಕಾಣುತ್ತದೆ. ಎಲೆ ಹಳದಿಯಾಗುವ ಹೊತ್ತಿಗೆ ಕಾಂಡದೊಳಗೆ ಸುರಂಗವಾಗಿರುತ್ತದೆ. ಆದ್ದರಿಂದಲೇ ಎಲೆ ನೋಡಿ ಸುಮ್ಮನಾಗದೆ, ಗಿಡ ಗಿಡದ ಕಾಂಡ ನೋಡಿ ಬೋರರ್ ಟ್ರೇಸಿಂಗ್ ಮಾಡಿಸುತ್ತೇವೆ. ಹ್ಯಾಂಡ್ ಬ್ರೇಕಿನಲ್ಲಿ ಲಿವರು ಎಲೆಯಿದ್ದಂತೆ, ಷೂ ಕಾಂಡವಿದ್ದಂತೆ. ಡ್ಯಾಷ್ ಬೋರ್ಡಿನ ಕೆಂಪು ದೀಪವನ್ನೂ ನಂಬಬೇಡಿ. ಸಾಮಾನ್ಯವಾಗಿ ಅದು ಲಿವರು ಮೇಲಿದೆ ಎಂದು ಹೇಳುತ್ತದೆಯೇ ಹೊರತು ಚಕ್ರ ಹಿಡಿದಿದೆ ಎಂದಲ್ಲ.

ಈ ಷೂಗಳ ಮೇಲೆ ಬೀಳುವ ಹೊರೆ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಸಾಮಾನು ಸೇರಿ 2,500 ಕೆ.ಜಿ. ತೂಗುವ ಪಿಕಪ್ಪು, 100 ಅಡಿಗೆ 20 ಅಡಿ ಏರುವ ದಾರಿಯಲ್ಲಿ ನಿಂತರೆ ಅದನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 490 ಕೆ.ಜಿ. ಅಂದರೆ ಹತ್ತಿರ ಹತ್ತಿರ 50 ಕೆ.ಜಿ.ಯ ಹತ್ತು ಮೂಟೆ, ರಾತ್ರಿಯಿಡೀ ಜಗ್ಗುತ್ತಲೇ ಇರುತ್ತದೆ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ ತುಂಬಿದ ಕಾರನ್ನು 100ಕ್ಕೆ 20ರ ಇಳಿಜಾರಿನಲ್ಲೂ, ತುಂಬಿದ ಸರಕು ವಾಹನವನ್ನು 100ಕ್ಕೆ 18ರ ಇಳಿಜಾರಿನಲ್ಲೂ ಹ್ಯಾಂಡ್ ಬ್ರೇಕೊಂದೇ ನಿಲ್ಲಿಸಬೇಕೆಂದಿದೆ. ನಮ್ಮ ತೋಟದ ದಾರಿಗಳಲ್ಲಿ ಇದಕ್ಕಿಂತ ಕಡಿದಾದವು ಎಷ್ಟೋ ಇವೆ.

ನಿಮ್ಮದು ಯಾವ ಬಗೆ?

ನಮ್ಮ ಸದಸ್ಯರಲ್ಲಿರುವ ವಾಹನಗಳನ್ನು ಹ್ಯಾಂಡ್ ಬ್ರೇಕಿನ ದೃಷ್ಟಿಯಿಂದ ಮೂರು ಪಂಗಡ ಮಾಡಬಹುದು.

ಮೊದಲನೆಯದು ವಿಲ್ಲೀಸ್ ಮಾದರಿಯ ಹಳೆಯ ಜೀಪು. ಇದರ ಹ್ಯಾಂಡ್ ಬ್ರೇಕು ಚಕ್ರದಲ್ಲಿಲ್ಲ. ಗೇರ್ ಪೆಟ್ಟಿಗೆಯ ಹಿಂದೆ, ಪ್ರೊಪೆಲ್ಲರ್ ಷಾಫ್ಟಿನ ಮೇಲಿನ ಸಣ್ಣ ಡ್ರಮ್ಮಿನಲ್ಲಿದೆ. ಇದಕ್ಕೊಂದು ಅಪಾಯಕಾರಿ ಗುಣವಿದೆ. ಹಿಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಿದ ಕೂಡಲೇ ಡಿಫರೆನ್ಷಿಯಲ್ಲಿನ ದೆಸೆಯಿಂದ ಎತ್ತಿದ ಚಕ್ರ ಗಾಳಿಯಲ್ಲಿ ತಿರುಗುತ್ತದೆ, ನೆಲದ ಮೇಲಿನ ಚಕ್ರವೂ ಉರುಳಬಲ್ಲದು. ಹ್ಯಾಂಡ್ ಬ್ರೇಕು ಎಷ್ಟೇ ಬಿಗಿಯಿದ್ದರೂ ಪ್ರಯೋಜನವಿಲ್ಲ. ಗೇರಿನಲ್ಲಿ ನಿಲ್ಲಿಸಿದರೂ ಇದೇ ಕಥೆ. ಹಿಂಚಕ್ರದಿಂದ ಓಡುವ ಯಾವ ಪಿಕಪ್ಪಿನಲ್ಲೂ ಹಿಂದಿನ ಒಂದು ಚಕ್ರ ಎತ್ತಿದರೆ ಗೇರಿನ ಹಿಡಿತ ಹೋಯಿತೆಂದೇ ತಿಳಿಯಿರಿ.

ಎರಡನೆಯದು ನಮ್ಮಲ್ಲಿ ಹೆಚ್ಚಾಗಿರುವ ಬಗೆ. ಹಿಂದಿನ ಚಕ್ರಗಳಲ್ಲಿ ಡ್ರಮ್ಮು, ಅದರೊಳಗೆ ಎರಡೆರಡು ಷೂ. ಕಾಲಿನ ಬ್ರೇಕಿಗೂ ಕೈ ಬ್ರೇಕಿಗೂ ಅವೇ ಷೂಗಳು. ಕಾಲಿನಿಂದ ಒತ್ತಿದರೆ ಬ್ರೇಕ್ ಎಣ್ಣೆಯ ಒತ್ತಡ ಅವನ್ನು ಅಗಲಿಸುತ್ತದೆ. ಕೈಯಿಂದ ಎಳೆದರೆ ಕೇಬಲ್ಲು, ಸಣ್ಣ ಲಿವರು ಮತ್ತು ನಡುವಿನ ಅಡ್ಡಪಟ್ಟಿ ಅವನ್ನು ಅಗಲಿಸುತ್ತವೆ. ಆದ್ದರಿಂದ ಕಾಲಿನ ಬ್ರೇಕು ಚೆನ್ನಾಗಿದ್ದ ಮಾತ್ರಕ್ಕೆ ಕೈ ಬ್ರೇಕೂ ಚೆನ್ನಾಗಿದೆ ಎನ್ನುವಂತಿಲ್ಲ.

ಮೂರನೆಯದು ಹಿಂದೆಯೂ ಡಿಸ್ಕ್ ಬ್ರೇಕಿರುವ ಕೆಲವು ದೊಡ್ಡ ಕಾರುಗಳು. ಇವುಗಳಲ್ಲಿ ಕೆಲವಕ್ಕೆ ಡಿಸ್ಕಿನ ನಡುವಿನ ಟೋಪಿಯಂಥ ಭಾಗದೊಳಗೆ ಪುಟ್ಟ ಡ್ರಮ್ಮು, ಪುಟ್ಟ ಷೂಗಳು. ನಿಂತ ಗಾಡಿಯನ್ನು ಹಿಡಿಯುವುದಷ್ಟೇ ಅವುಗಳ ಕೆಲಸ; ಓಡುವಾಗ ಕೆಲಸವಿಲ್ಲದ್ದರಿಂದ ಲೈನಿಂಗ್ ಸವೆಯುವುದು ಅಪರೂಪ. ಸವೆಯದ್ದನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಹಾಗಾಗಿ ಅವು ಒಳಗೇ ತುಕ್ಕು ಹಿಡಿಯುತ್ತವೆ, ಕೆಲವೊಮ್ಮೆ ಲೈನಿಂಗ್ ಷೂವಿನಿಂದ ಎದ್ದೇ ಬರುತ್ತದೆ. ಇನ್ನು, ಗುಂಡಿ ಒತ್ತುವ ವಿದ್ಯುತ್ ಹ್ಯಾಂಡ್ ಬ್ರೇಕಿನ ಕಾರುಗಳನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ.

ಬಿಚ್ಚುವ ಮುನ್ನ

ಕೆಲಸ ಬಲ್ಲ ಸದಸ್ಯರು ಮನೆಯಲ್ಲೇ ಮಾಡಬಹುದು. ಉಳಿದವರು ನಂಬಿಕೆಯ ಮೆಕ್ಯಾನಿಕರಿಂದ ಮಾಡಿಸಿ, ಆದರೆ ಪಕ್ಕದಲ್ಲಿ ನಿಂತು ಕಣ್ಣಾರೆ ನೋಡಿ. "ನೋಡಿದೆ, ಸರಿಯಿದೆ" ಎಂಬ ಮಾತಿಗೆ ತೃಪ್ತರಾಗಬೇಡಿ.

ಸಮತಟ್ಟಾದ ಗಟ್ಟಿ ನೆಲವೇ ಬೇಕು. ಡ್ರಮ್ಮು ಹೊರಬರಬೇಕಾದರೆ ಹ್ಯಾಂಡ್ ಬ್ರೇಕು ಬಿಟ್ಟಿರಬೇಕು. ಆದ್ದರಿಂದ ಮುಂದಿನ ಎರಡು ಚಕ್ರಗಳಿಗೂ ಹಿಂದು ಮುಂದು ಮರದ ಬೆಣೆ ಕೊಡಿ. ವೀಲ್ ನಟ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ಒಂದು ಸುತ್ತು ಸಡಿಲಿಸಿ. ಜಾಕಿ ಇರುವುದು ಎತ್ತಲಿಕ್ಕೆ, ಹೊರಲಿಕ್ಕಲ್ಲ. ಎತ್ತಿದ ಮೇಲೆ ಆಕ್ಸಲ್ಲಿಗೆ ಅಥವಾ ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೆ ಕಬ್ಬಿಣದ ಸ್ಟ್ಯಾಂಡು ಕೊಡಿ. ಇಟ್ಟಿಗೆ ಪೇರಿಸಿ ಅದರಡಿ ಮಲಗುವ ಧೈರ್ಯ ಬೇಡ.

ಲೈನಿಂಗಿನ ಧೂಳಿನ ಬಗ್ಗೆ ಒಂದು ಮಾತು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವಾಗುತ್ತದೆ. ನಿಮ್ಮದರಲ್ಲಿ ಏನಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಬಾಯಿಂದಲೋ ಗಾಳಿ ಪಂಪಿನಿಂದಲೋ ಊದಬೇಡಿ. ಬ್ರೇಕ್ ಕ್ಲೀನರಿನಿಂದ ನೆನೆಸಿ, ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ. ಸೀಮೆಎಣ್ಣೆ, ಡೀಸೆಲ್ಲಿನಿಂದ ತೊಳೆಯುವುದು ಬೇಡವೇ ಬೇಡ. ಅದರ ಜಿಡ್ಡು ಲೈನಿಂಗಿಗೆ ಅಂಟುತ್ತದೆ.

ಡ್ರಮ್ಮು ಬಾರದಿದ್ದರೆ ಸುತ್ತಿಗೆಯಿಂದ ಸಿಕ್ಕಾಪಟ್ಟೆ ಬಡಿಯಬೇಡಿ. ಬಹಳಷ್ಟು ಡ್ರಮ್ಮುಗಳಲ್ಲಿ ಮರೆಯಿರುವ ಎರಡು ತೂತುಗಳಿರುತ್ತವೆ. ಅಳತೆಯ ಬೋಲ್ಟುಗಳನ್ನು ಅವುಗಳಲ್ಲಿ ಸಮನಾಗಿ ತಿರುಗಿಸುತ್ತ ಹೋದರೆ ಡ್ರಮ್ಮು ತಾನಾಗಿ ಹೊರಗೆ ಬರುತ್ತದೆ. ಒಳ ಅಂಚಿನಲ್ಲಿ ಸವೆತದ ಏಣು ಬಿದ್ದು ಷೂ ಸಿಕ್ಕಿಕೊಂಡಿದ್ದರೆ, ಮೊದಲು ಅಡ್ಜಸ್ಟರನ್ನು ಸಡಿಲಿಸಬೇಕು. ಕೆಲವು ಸಣ್ಣ ಕಾರುಗಳಲ್ಲಿ ಬೇರಿಂಗು ಡ್ರಮ್ಮಿನೊಳಗೇ ಇದ್ದು, ನಡುವಿನ ದೊಡ್ಡ ನಟ್ಟು ಬಿಚ್ಚಬೇಕಾಗುತ್ತದೆ. ಕೆಲವು ಹಳೆಯ ಜೀಪುಗಳಿಗೆ ಪುಲ್ಲರ್ ಬೇಕು. ಈ ಎರಡನ್ನೂ ಬಲ್ಲವರಿಗೆ ಬಿಡುವುದು ಒಳ್ಳೆಯದು.

ಏನೇನು ನೋಡಬೇಕು

ಮೊದಲು ಲೈನಿಂಗಿನ ದಪ್ಪ. ಷೂವಿನ ಕಬ್ಬಿಣವನ್ನು ಬಿಟ್ಟು, ಅಂಟಿಸಿದ ಲೈನಿಂಗನ್ನು ಮಾತ್ರ, ಅತಿ ತೆಳುವಾದ ಕಡೆ ಅಳೆಯಿರಿ. ಕನಿಷ್ಠ ಅಳತೆ ಆಯಾ ವಾಹನದ ಕೈಪಿಡಿಯಲ್ಲಿರುತ್ತದೆ. ಅನೇಕ ಸಣ್ಣ ಕಾರುಗಳಿಗೆ ಅದು 1 ಮಿ.ಮೀ. ಘಟ್ಟದ ದಾರಿಯ ನಾವು 2 ಮಿ.ಮೀ.ಗೆ ಬಂದಾಗಲೇ ಬದಲಾಯಿಸುವುದು ಕ್ಷೇಮ. ರಿವೆಟ್ ಹೊಡೆದ ಲೈನಿಂಗಾದರೆ, ರಿವೆಟ್ಟಿನ ತಲೆ ಡ್ರಮ್ಮಿಗೆ ತಾಗುವ ಮೊದಲೇ ಬದಲಾಗಬೇಕು. ಬಿರುಕು, ಎದ್ದ ಅಂಚು ಇದ್ದರೆ ದಪ್ಪ ಎಷ್ಟಿದ್ದರೂ ಷೂ ಕೆಲಸಕ್ಕೆ ಬಾರದು.

ಎರಡನೆಯದು ಎಣ್ಣೆ. ಮೂಗಿಗೆ ಗಂಧಕದಂಥ ಘಾಟು ಬಂದರೆ ಗೇರ್ ಎಣ್ಣೆ, ಆಕ್ಸಲ್ ಸೀಲಿನಿಂದ ಬಂದದ್ದು. ವೀಲ್ ಸಿಲಿಂಡರಿನ ರಬ್ಬರು ಟೋಪಿಯ ಸುತ್ತ ಒದ್ದೆಯಿದ್ದರೆ ಬ್ರೇಕ್ ಎಣ್ಣೆ. ಎಣ್ಣೆ ಕುಡಿದ ಲೈನಿಂಗನ್ನು ತೊಳೆದು, ಬೆಂಕಿಗೆ ಹಿಡಿದು ಮತ್ತೆ ಹಾಕುವ ಪದ್ಧತಿ ಕೆಲವೆಡೆ ಇದೆ, ಅದು ಮೋಸ. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಸೋರಿಕೆ ನಿಲ್ಲಿಸಿ ಷೂ ಬದಲಾಯಿಸಿ. ಸೀಲು ಪದೇ ಪದೇ ಹೋಗುತ್ತಿದ್ದರೆ ಆಕ್ಸಲ್ಲಿನ ಮೇಲಿನ ಬ್ರೀದರ್ ನೋಡಿ. ನಮ್ಮ ಕೆಸರಿನ ದಾರಿಯಲ್ಲಿ ಅದು ಮುಚ್ಚಿಹೋಗಿ, ಒಳಗಿನ ಬಿಸಿ ಗಾಳಿ ಎಣ್ಣೆಯನ್ನು ಸೀಲಿನ ಮೂಲಕ ನೂಕುತ್ತದೆ. ನನ್ನ ಗಾಡಿಯಲ್ಲಿ ಆದದ್ದೂ ಅದೇ.

ಮೂರನೆಯದು ಚಲನೆ. ಸಣ್ಣ ಲಿವರನ್ನು ಕೈಯಿಂದ ಆಡಿಸಿ. ಸುಲಭವಾಗಿ ಹೋಗಿ, ಬಿಟ್ಟ ಕೂಡಲೇ ಹಿಂದಕ್ಕೆ ಬರಬೇಕು. ಕೇಬಲ್ಲಿನ ಹೊರಕೊಳವೆ ಹರಿದಿದ್ದರೆ ಕೆಸರು ನೀರು ಒಳಹೊಕ್ಕಿದೆ ಎಂದೇ ಅರ್ಥ. ಎಣ್ಣೆ ಬಿಟ್ಟರೆ ಒಂದು ತಿಂಗಳು ಆಡೀತು. ಹೊಸ ಕೇಬಲ್ಲೇ ಪರಿಹಾರ. ಸ್ಪ್ರಿಂಗುಗಳು ಹಿಗ್ಗಿವೆಯೇ, ತುಕ್ಕಿನಿಂದ ತೆಳುವಾಗಿವೆಯೇ ನೋಡಿ.

ನಾಲ್ಕನೆಯದು ಡ್ರಮ್ಮು. ಒಳಮೈಯಲ್ಲಿ ಆಳದ ಗೆರೆ, ಬಿರುಕು ಇರಬಾರದು. ಸವೆದು ಎಷ್ಟು ಅಗಲವಾಗಬಹುದೆಂಬ ಮಿತಿ ಸಾಮಾನ್ಯವಾಗಿ ಡ್ರಮ್ಮಿನ ಮೇಲೇ ಅಚ್ಚಾಗಿರುತ್ತದೆ. ಅದನ್ನು ಮೀರಿದ್ದರೆ ಲೇತಿಗೆ ಹಾಕಿಸಿ ಉಪಯೋಗವಿಲ್ಲ, ಹೊಸದೇ ಬೇಕು.

ಷೂ ಬದಲಾಯಿಸುವುದಾದರೆ ಎರಡೂ ಚಕ್ರಗಳದ್ದನ್ನು ಒಟ್ಟಿಗೆ ಬದಲಾಯಿಸಿ. ಒಂದು ಬದಿ ಪೂರ್ತಿ ಜೋಡಿಸಿದ ಮೇಲೆ ಇನ್ನೊಂದು ಬದಿ ಬಿಚ್ಚಿ. ಯಾವ ಸ್ಪ್ರಿಂಗು ಎಲ್ಲಿಗೆ ಎಂಬ ಅನುಮಾನ ಬಂದರೆ ನೋಡಿಕೊಳ್ಳಲು ಒಂದು ಮಾದರಿ ಕಣ್ಣ ಮುಂದಿರುತ್ತದೆ. ಷೂವಿನ ಅಂಚು ತಗಡಿಗೆ ಉಜ್ಜುವ ಕಡೆಗಳಲ್ಲಿ ಬ್ರೇಕಿಗೆಂದೇ ಇರುವ ಗ್ರೀಸನ್ನು ತೆಳುವಾಗಿ ಸವರಿ. ಲೈನಿಂಗಿಗೆ ಒಂದು ಬೊಟ್ಟೂ ತಾಗಬಾರದು.

ಮೊದಲು ಷೂ, ಆಮೇಲೆ ಕೇಬಲ್ಲು

ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಹ್ಯಾಂಡ್ ಬ್ರೇಕು ಸಡಿಲವಾದಾಗ ಮೊದಲು ಷೂಗಳ ಅಡ್ಜಸ್ಟರ್, ಕೊನೆಗೆ ಕೇಬಲ್ಲು. ಷೂ ಮತ್ತು ಡ್ರಮ್ಮಿನ ನಡುವೆ ಅಂತರ ಹೆಚ್ಚಾಗಿರುವಾಗ ಕೇಬಲ್ಲು ಎಳೆದು ಕಟ್ಟಿದರೆ, ಒಳಗಿನ ಸಣ್ಣ ಲಿವರು ತನ್ನ ಜಾಗಕ್ಕೆ ಹಿಂತಿರುಗುವುದೇ ಇಲ್ಲ. ಆಗ ತಾನಾಗಿ ಬಿಗಿಯಾಗುವ ಅಡ್ಜಸ್ಟರ್ ಇರುವ ಗಾಡಿಗಳಲ್ಲಿ ಅದೂ ಕೆಲಸ ನಿಲ್ಲಿಸುತ್ತದೆ. ಲಿವರು ಕೈಗೆ ಬಿಗಿ. ಷೂ ಡ್ರಮ್ಮಿಗೆ ದೂರ.

ಕೇಬಲ್ಲು ಸಡಿಲವಿಟ್ಟು, ಚಕ್ರ ತಿರುಗಿಸುತ್ತ ಅಡ್ಜಸ್ಟರನ್ನು ಷೂ ತಾಗುವವರೆಗೆ ಬಿಗಿ ಮಾಡಿ, ಚಕ್ರ ಬಿಡುವಾಗಿ ತಿರುಗುವಷ್ಟು ಹಿಂದಕ್ಕೆ ಬಿಡಿ. ಕಾಲಿನ ಬ್ರೇಕನ್ನು ನಾಲ್ಕಾರು ಸಲ ಒತ್ತಿ. ಅನಂತರ ಕೇಬಲ್ಲು. ಎರಡೂ ಹಿಂದಿನ ಚಕ್ರ ಸ್ಟ್ಯಾಂಡಿನ ಮೇಲಿರುವಾಗ ಲಿವರನ್ನು ಒಂದೊಂದೇ ಕಟಕ್ ಸದ್ದಿಗೆ ಎಳೆಯುತ್ತ, ಇನ್ನೊಬ್ಬರಿಂದ ಚಕ್ರ ತಿರುಗಿಸಿ ನೋಡಿ. ಎರಡು ಚಕ್ರವೂ ಒಂದೇ ಸದ್ದಿಗೆ ಬಿಗಿಯಾಗತೊಡಗಬೇಕು. ಕೈಪಿಡಿಯಲ್ಲಿ ಹೇಳಿದಷ್ಟು ಸದ್ದಿನೊಳಗೆ ಪೂರ್ತಿ ನಿಲ್ಲಬೇಕು. ಅನೇಕ ಕಾರುಗಳಲ್ಲಿ ಅದು ಐದರಿಂದ ಎಂಟು. ಬಿಟ್ಟಾಗ ಎರಡೂ ಬಿಡುವಾಗಿ ತಿರುಗಬೇಕು. ವೀಲ್ ನಟ್ಟುಗಳನ್ನು ಎದುರು ಬದುರಾಗಿ ಬಿಗಿ ಮಾಡಿ, ಚಕ್ರ ನೆಲಕ್ಕಿಳಿದ ಮೇಲೆ ಮತ್ತೊಮ್ಮೆ ನೋಡಿ.

ಕೊನೆಯದು ಏರಿನ ಪರೀಕ್ಷೆ. ಹಿಂದು ಮುಂದು ಯಾರೂ ಇಲ್ಲದ ಏರಿನಲ್ಲಿ, ಸೀಟಿನಲ್ಲೇ ಕುಳಿತು ಕಾಲಿನ ಬ್ರೇಕು ಒತ್ತಿ, ಹ್ಯಾಂಡ್ ಬ್ರೇಕು ಎಳೆದು, ನ್ಯೂಟ್ರಲ್ಲಿನಲ್ಲಿ ಕಾಲನ್ನು ನಿಧಾನವಾಗಿ ಸಡಿಲಿಸಿ. ಮೂತಿ ಮೇಲಾಗಿ ಒಮ್ಮೆ, ಕೆಳಗಾಗಿ ಒಮ್ಮೆ. ಅಲುಗಿದರೆ ಕೆಲಸ ಮುಗಿದಿಲ್ಲ.

ಮಳೆಗಾಲದಲ್ಲಿ

ಜಡಿಮಳೆಯಲ್ಲಿ ವಾರಗಟ್ಟಲೆ ಗಾಡಿ ತೆಗೆಯದೆ ಇಡುವುದಾದರೆ ಸಮತಟ್ಟಾದ ಷೆಡ್ಡಿನಲ್ಲಿ ಗೇರಿಗೆ ಹಾಕಿ, ಬೆಣೆ ಕೊಟ್ಟು, ಹ್ಯಾಂಡ್ ಬ್ರೇಕು ಬಿಟ್ಟಿಡಿ. ಎಳೆದಿಟ್ಟರೆ ಒದ್ದೆಯಾದ ಷೂ ತುಕ್ಕಿನಿಂದ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಹಳ್ಳ ದಾಟಿದ ಮೇಲೆ ಸ್ವಲ್ಪ ದೂರ ಕಾಲಿನ ಬ್ರೇಕನ್ನು ಹಗುರವಾಗಿ ಒತ್ತುತ್ತ ಓಡಿಸಿ ಒಣಗಿಸಿ, ಆಮೇಲೆ ಏರಿನಲ್ಲಿ ನಿಲ್ಲಿಸಿ. ಉಳಿದ ದಿನಗಳಲ್ಲಿ ಹ್ಯಾಂಡ್ ಬ್ರೇಕನ್ನು ದಿನವೂ ಬಳಸಿ. ಬಳಸದ ಕೇಬಲ್ಲೇ ಬೇಗ ಕೂರುವುದು.

ಏರಿನಲ್ಲಿ ನಿಲ್ಲಿಸುವ ಕ್ರಮವೂ ಇದೆ. ಕಾಲಿನ ಬ್ರೇಕು ಒತ್ತಿ ಹಿಡಿದು ಹ್ಯಾಂಡ್ ಬ್ರೇಕು ಎಳೆಯಿರಿ. ಕಾಲು ಸಡಿಲಿಸಿ, ಭಾರ ಅದರ ಮೇಲೆ ಕೂತಿತೆಂದು ನೋಡಿ. ಇಂಜಿನ್ನು ನಿಲ್ಲಿಸಿ, ಮೂತಿ ಮೇಲಿದ್ದರೆ ಮೊದಲ ಗೇರು, ಕೆಳಗಿದ್ದರೆ ರಿವರ್ಸ್ ಗೇರು ಹಾಕಿ. ಉರುಳಿದರೂ ದರೆಗೆ ತಾಗಿ ನಿಲ್ಲುವಂತೆ ಮುಂದಿನ ಚಕ್ರ ತಿರುಗಿಸಿಡಿ. ಕಲ್ಲು ಕೊನೆಗೆ. ಇಂಜಿನ್ನು ಓಡುತ್ತಿರುವಾಗ ಗಾಡಿಯನ್ನು ಏರಿನಲ್ಲಿ ಬಿಟ್ಟು ಇಳಿಯುವ ಅಭ್ಯಾಸ ನಾನಂತೂ ಬಿಟ್ಟಿದ್ದೇನೆ. ಕಣಕ್ಕೆ ಬ್ಯಾಟರಿ ದೀಪ ತಂದೆ.

ಮಳೆ ಹಿಡಿಯುವ ಮುನ್ನ ಅಡಿಕೆಗೆ ಬೋರ್ಡೊ ಹೊಡೆಸಲು ಮೈಲುತುತ್ತ, ಸುಣ್ಣ ಹೊಂದಿಸುತ್ತೇವಲ್ಲ, ಅದೇ ವಾರದಲ್ಲಿ ಅರ್ಧ ದಿನ ಈ ಕೆಲಸಕ್ಕೆ ಇಡಿ. ಕೊಯ್ಲು ಮೊದಲಾಗುವ ಮುನ್ನ ಇನ್ನೊಮ್ಮೆ ನೋಡಿ.

ನಮ್ಮ ಮೇಸ್ತ್ರಿ ಈಗಲೂ ಗಾಡಿ ನಿಂತ ಕೂಡಲೇ ಕಲ್ಲು ತರುತ್ತಾನೆ. ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅವನು ಒಂದು ದಿನ ಮರೆತರೂ ಯಾರ ಜೀವಕ್ಕೂ ಕುತ್ತು ಬಾರದ ಹಾಗೆ ಬ್ರೇಕು ಇಟ್ಟುಕೊಳ್ಳುವುದು ಗಾಡಿಯ ಯಜಮಾನನ ಕೆಲಸ. ಮುಂದಿನ ಸಭೆಗೆ ಬರುವಾಗ ಕಲ್ಲು ಕೊಡುವುದಕ್ಕೆ ಮೊದಲು ಹ್ಯಾಂಡ್ ಬ್ರೇಕೊಂದರ ಮೇಲೆ ಗಾಡಿ ನಿಲ್ಲುತ್ತದೆಯೇ ಎಂದು ನೋಡಿ. ಹೋಗುವಾಗ ದಯವಿಟ್ಟು ಕಲ್ಲನ್ನು ದಾರಿಯಿಂದ ತೆಗೆದಿಡಿ. ಕಾವಲುಗಾರನ ಬೆನ್ನಿಗೂ ವಯಸ್ಸಾಗಿದೆ.

— ಕಾರ್ಯದರ್ಶಿ